‘ಡಿ ಡ್ರೈವ್‌ನಲ್ಲಿದೆ, ಏನೂ ಆಗೋದಿಲ್ಲ’

ಕಂಪ್ಯೂಟರ್ ಇರುವ ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಬೇರೂರಿದೆ. ವಿಂಡೋಸ್ ಬದಲಾಯಿಸುವ ಮಾತು ಬಂದಾಗಲೆಲ್ಲ ಅದು ಒಂದೇ ವಾಕ್ಯವಾಗಿ ಹೊರಬೀಳುತ್ತದೆ: “ನಮ್ದೆಲ್ಲ ಡಿ ಡ್ರೈವ್‌ನಲ್ಲಿದೆ, ಏನೂ ಆಗೋದಿಲ್ಲ.” ಅಂಗಡಿಯ ಹುಡುಗ ಹೀಗೆನ್ನುತ್ತಾನೆ. ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಹೀಗೆನ್ನುತ್ತಾನೆ. ವರ್ಷಗಟ್ಟಲೆ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತವರೂ ಹೀಗೆನ್ನುತ್ತಾರೆ. ಇದರ ಬೆನ್ನಿಗೇ ಇನ್ನೆರಡು ಮಾತು ಬರುತ್ತವೆ. ಅಪ್‌ಗ್ರೇಡ್ ಎಂದರೆ ಒಂದು ಗುಂಡಿ ಒತ್ತುವುದು, ಉಳಿದದ್ದನ್ನು ಕಂಪನಿ ನೋಡಿಕೊಳ್ಳುತ್ತದೆ. ಅದು ಆಗದಿದ್ದರೆ ಅಂಗಡಿಗೆ ಕೊಟ್ಟರಾಯಿತು, ಸಂಜೆಯೊಳಗೆ ‘ಫಾರ್ಮ್ಯಾಟ್ ಹೊಡೆದು’ ಕೊಡುತ್ತಾರೆ. ಮೂರೂ ಸೇರಿ ಹೇಳುವುದು ಇಷ್ಟು: ಮನೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ ಏನೂ ಇಲ್ಲ.

ಈ ನಂಬಿಕೆ ತಪ್ಪು, ಅಪಾಯಕಾರಿ ಕೂಡ. ಆಪರೇಟಿಂಗ್ ಸಿಸ್ಟಂ ಬದಲಾಯಿಸುವುದರಲ್ಲಿ ಕಷ್ಟದ್ದೂ ಮುಖ್ಯವಾದದ್ದೂ ಗುಂಡಿ ಒತ್ತುವುದಕ್ಕೆ ಮುಂಚಿನ ಕೆಲಸ. ಅದನ್ನು ಮೈಕ್ರೋಸಾಫ್ಟ್ ಮಾಡಲಾರದು, ಅಂಗಡಿಯವನೂ ಮಾಡಲಾರ. ಆ ಪೆಟ್ಟಿಗೆಯೊಳಗೆ ಏನಿದೆ, ಯಾವುದು ಹೋದರೆ ಮತ್ತೆ ಸಿಗುವುದಿಲ್ಲ ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಆ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ನಿಂತದ್ದು ತಿಂಗಳು ತಿಂಗಳು ಬರುತ್ತಿದ್ದ ಸುರಕ್ಷತಾ ತೇಪೆ. ಹಾಗಾಗಿ ಎಷ್ಟೋ ಮನೆಗಳು ಒಟ್ಟಿಗೇ ವಿಂಡೋಸ್ 11ರತ್ತ ಮುಖ ಮಾಡಿವೆ. ಅದೋ ಹಿಂದಿನವುಗಳಂತೆ ಯಾವ ಯಂತ್ರಕ್ಕಾದರೂ ಹೊಂದಿಕೊಳ್ಳುವಂಥದ್ದಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಸೆಕ್ಯೂರ್ ಬೂಟ್‌ಗೆ ಒಗ್ಗುವ ಯುಇಎಫ್‌ಐ ಫರ್ಮ್‌ವೇರ್ ಬೇಕು. ಇಂಟೆಲ್ ಆದರೆ, ಒಂದೆರಡು ವಿನಾಯಿತಿ ಬಿಟ್ಟು, ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ಈ ಷರತ್ತುಗಳನ್ನು ಪೂರೈಸಲು ಹೋಗಿ ಯಂತ್ರದ ಬುಡದಲ್ಲೇ ಕೈಯಾಡಿಸಬೇಕಾಗುತ್ತದೆ. ಹಳೆಯ ನಂಬಿಕೆ ಕೈಕೊಡುವುದು ಅಲ್ಲಿ.

ಮೊದಲು ಡಿ ಡ್ರೈವ್ ವಿಷಯ. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ವೈರಸ್ ಹೊಕ್ಕು ಕಂಪ್ಯೂಟರ್ ಕೆಟ್ಟಾಗ ಸಿ ಭಾಗವನ್ನಷ್ಟೇ ಅಳಿಸಿ ಮತ್ತೆ ವಿಂಡೋಸ್ ಹಾಕುತ್ತಿದ್ದರು. ಡಿ, ಇ ಭಾಗಗಳಲ್ಲಿಟ್ಟ ಹಾಡು, ಫೋಟೊ, ಸಿನಿಮಾಗಳು ಹಾಗೇ ಉಳಿಯುತ್ತಿದ್ದವು. ಎಷ್ಟೋ ಸಲ ಉಳಿದದ್ದರಿಂದ ಯಾವಾಗಲೂ ಉಳಿಯುತ್ತವೆ ಎಂಬ ಭರವಸೆ ಬೆಳೆಯಿತು. ಆದರೆ ನಮ್ಮ ಮನೆಗಳ ಬಹುಪಾಲು ಯಂತ್ರಗಳಲ್ಲಿ ಸಿ ಮತ್ತು ಡಿ ಎರಡು ಡಿಸ್ಕ್‌ಗಳಲ್ಲ, ಒಂದೇ ಡಿಸ್ಕ್‌ನ ಮೇಲೆ ಗೆರೆ ಎಳೆದು ಮಾಡಿದ ಎರಡು ಭಾಗ. ಒಂದೇ ಬೀರುವಿನ ಎರಡು ಅರೆ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಅಪ್‌ಗ್ರೇಡ್ ಆಗುವಾಗ ಡಿಸ್ಕ್‌ನಲ್ಲಿ ಹಲವು ಜಿಬಿಯಷ್ಟು ಓದು ಬರಹ ಒಂದೇ ಸಮನೆ ನಡೆಯುತ್ತದೆ. ಏಳೆಂಟು ವರ್ಷ ತಿರುಗಿ ಸವೆದ ಹಾರ್ಡ್ ಡಿಸ್ಕ್ ಕೈಚೆಲ್ಲುವುದಾದರೆ ಅಂಥ ಹೊತ್ತಿನಲ್ಲೇ ಚೆಲ್ಲೀತು.

ಡಿಸ್ಕ್ ಗಟ್ಟಿಯಾಗಿದ್ದರೂ ಡಿ ಡ್ರೈವ್ ಹೋಗಬಹುದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಡಿಸ್ಕ್‌ನ ಯಾವ ಭಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿ ಆ ಡಿಸ್ಕ್‌ನಲ್ಲೇ ಇರುತ್ತದೆ. ಹಳೆಯ ಬಗೆಯ ಪಟ್ಟಿಗೆ ಎಂಬಿಆರ್ ಎಂದೂ ಹೊಸದಕ್ಕೆ ಜಿಪಿಟಿ ಎಂದೂ ಹೆಸರು. ಬಿಡಿಭಾಗ ಜೋಡಿಸಿ ಕೊಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಎಂಬಿಆರ್ ಪಟ್ಟಿ ಇನ್ನೂ ಸಿಗುತ್ತದೆ, ಏಕೆಂದರೆ ಅವುಗಳಿಗೆ ವಿಂಡೋಸ್ ಹಾಕುವಾಗ ಹಳೆಯ ಬಯೋಸ್ ವಿಧಾನವನ್ನೇ ಬಳಸಿದ್ದಾರೆ. ವಿಂಡೋಸ್ 11 ಹಾಕಲೆಂದು ಯುಇಎಫ್‌ಐ ವಿಧಾನಕ್ಕೆ ಬದಲಾಯಿಸಿದೊಡನೆ ಇನ್‌ಸ್ಟಾಲರ್, ಈ ಡಿಸ್ಕ್‌ನಲ್ಲಿ ಎಂಬಿಆರ್ ಪಟ್ಟಿ ಇದೆ, ಇದರ ಮೇಲೆ ಹಾಕಲಾಗದು ಎಂದು ನಿಂತುಬಿಡುತ್ತದೆ. ಆಗ ಕೈಗೆ ಸಿಗುವ ಸುಲಭದ ದಾರಿ, ಡಿಸ್ಕ್‌ಪಾರ್ಟ್ ಎಂಬ ಉಪಕರಣ ತೆರೆದು ‘ಕ್ಲೀನ್’ ಎಂಬ ಆಜ್ಞೆ ಕೊಡುವುದು. ಅದು ಸಿ ಭಾಗವನ್ನು ಮಾತ್ರ ಅಳಿಸುವುದಿಲ್ಲ, ಇಡೀ ಪಟ್ಟಿಯನ್ನೇ ಒರೆಸುತ್ತದೆ. ಸಿ, ಡಿ, ಇ ಯಾವುದೂ ಉಳಿಯುವುದಿಲ್ಲ. ಅದರ ಮೇಲೆ ಹೊಸ ವಿಂಡೋಸ್ ಬರೆದಾದ ಮೇಲೆ ಹಳೆಯದನ್ನು ಪೂರ್ತಿಯಾಗಿ ಎತ್ತಿಕೊಡುವುದು ಯಾವ ತಜ್ಞನಿಗೂ ಕಷ್ಟ.

ಡೇಟಾ ಅಳಿಸದೆಯೇ ಎಂಬಿಆರನ್ನು ಜಿಪಿಟಿಗೆ ಬದಲಿಸುವ ಉಪಕರಣವನ್ನು ಮೈಕ್ರೋಸಾಫ್ಟ್ ವಿಂಡೋಸ್ 10ರ ಜೊತೆಗೇ 2017ರಿಂದ ಕೊಡುತ್ತಿದೆ. ಆದರೆ ಅದು ಒಪ್ಪುವುದು ಡಿಸ್ಕ್‌ನಲ್ಲಿ ಹೆಚ್ಚೆಂದರೆ ಮೂರು ಪ್ರಾಥಮಿಕ ಭಾಗಗಳಿದ್ದಾಗ, ವಿಸ್ತರಿತ ಭಾಗ ಒಂದೂ ಇಲ್ಲದಿದ್ದಾಗ. ನಮ್ಮವರ ಅಭ್ಯಾಸವೇನು? ಡಿ ಮಕ್ಕಳ ಓದಿಗೆ, ಇ ಫೋಟೊಗಳಿಗೆ, ಎಫ್ ಸಿನಿಮಾಗಳಿಗೆ ಎಂದು ಡಿಸ್ಕನ್ನು ಹೋಳು ಹೋಳು ಮಾಡುವುದು. ಎಂಬಿಆರ್ ಪಟ್ಟಿಯಲ್ಲಿ ಪ್ರಾಥಮಿಕ ಭಾಗಗಳಿಗೆ ಇರುವುದು ನಾಲ್ಕೇ ಜಾಗ. ವಿಂಡೋಸ್ ತನಗೆಂದು ಒಂದು ಸಣ್ಣ ಭಾಗವನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತದೆ. ಹೋಳು ಹೆಚ್ಚಿದಂತೆ ವಿಸ್ತರಿತ ಭಾಗ ಹುಟ್ಟಿಕೊಳ್ಳುತ್ತದೆ. ಅಂದರೆ ಡೇಟಾ ಉಳಿಯಲಿ ಎಂದು ಮಾಡಿದ ಈ ವಿಂಗಡಣೆಯೇ ಡೇಟಾ ಉಳಿಸುವ ಉಪಕರಣವನ್ನು ಬಾಗಿಲಲ್ಲೇ ತಡೆಯುತ್ತದೆ. ಉಳಿಯುವುದು ‘ಕ್ಲೀನ್’ ದಾರಿ. ಇನ್ನೊಂದು ಸಂಗತಿಯೂ ಇದೆ. ಇನ್‌ಸ್ಟಾಲರ್‌ನ ಪರದೆಯ ಮೇಲೆ ಡಿ, ಇ ಎಂಬ ಅಕ್ಷರಗಳು ಕಾಣುವುದಿಲ್ಲ. ಡಿಸ್ಕ್ 0, ಪಾರ್ಟಿಷನ್ 2, ಪಾರ್ಟಿಷನ್ 3 ಎಂದು ಸಂಖ್ಯೆ, ಎದುರಿಗೆ ಅಳತೆ. ಅವಸರದಲ್ಲಿರುವವನು ಅಳತೆ ನೋಡಿ ಊಹಿಸಿ ಅಳಿಸುತ್ತಾನೆ. ನಿಮ್ಮ ಡಿ ಡ್ರೈವ್ ನಿಂತಿರುವುದು ಆ ಊಹೆಯ ಮೇಲೆ.

‘ನಮ್ಮದೆಲ್ಲ ಡಿಯಲ್ಲಿದೆ’ ಎಂಬ ಮಾತಿನ ಮೊದಲ ಪದವೂ ಸುಳ್ಳು. ಎಲ್ಲವೂ ಅಲ್ಲಿರುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡ ಫೈಲುಗಳು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳು ನಾವಾಗಿ ಬದಲಿಸದ ಹೊರತು ಇರುವುದು ಸಿಯಲ್ಲಿ. ವಾಟ್ಸ್‌ಆ್ಯಪ್‌ನಿಂದ ಇಳಿಸಿಕೊಂಡ ಮದುವೆ ಫೋಟೊ, ಜಮೀನಿನ ಪಹಣಿ, ಆಸ್ಪತ್ರೆಯ ವರದಿ ಸಾಮಾನ್ಯವಾಗಿ ಸಿಯಲ್ಲಿ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳು ಸಿಯಲ್ಲಿ. ಔಟ್‌ಲುಕ್‌ನ ಅಂಚೆ ಪೆಟ್ಟಿಗೆ, ಪರದೆಯ ಮೇಲೆ ಅಂಟಿಸಿದ ಹಳದಿ ಚೀಟಿಗಳು, ಎಲ್ಲ ಬಳಕೆದಾರನ ಕಣ್ಣಿಗೆ ಬೀಳದ ಫೋಲ್ಡರ್‌ಗಳಲ್ಲಿ, ಅವೂ ಸಿಯಲ್ಲೇ. ಮನೆಯಲ್ಲೇ ಕೂತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವರಿದ್ದಾರೆ. ಅವರ ತೆರಿಗೆ ಸಲ್ಲಿಕೆಯ ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡಲು ಬೇಕಾದ ಡ್ರೈವರ್ ಇರುವುದೂ ಅಲ್ಲೇ. ಕಡೆಯ ದಿನಾಂಕದ ಹಿಂದಿನ ರಾತ್ರಿ ಅದು ನೆನಪಾದರೆ ಪಡಬೇಕಾದ ಪಾಡು ಅವರಿಗೇ ಗೊತ್ತು.

ಸಿಯಲ್ಲಿರುವ ಇನ್ನೊಂದು ಆಸ್ತಿಯ ಬಗ್ಗೆ ಬೇರೆ ನಾಡಿನ ಎಷ್ಟೋ ಜನ ಯೋಚಿಸಬೇಕಾಗಿಲ್ಲ, ನಾವು ಯೋಚಿಸಲೇಬೇಕು. ಅದು ಫಾಂಟ್.

ಕನ್ನಡಿಗರ ಮನೆಯ ಕಂಪ್ಯೂಟರ್‌ಗಳಲ್ಲಿ ಎಷ್ಟೊಂದು ಬರಹ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತ ಪದ್ಧತಿಯಲ್ಲಿದೆ! ಶೇಷಾದ್ರಿವಾಸು ಅವರು ರೂಪಿಸಿದ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೂ ಅಲ್ಲಿಂದ ಮೇಷ್ಟರುಗಳ, ಗುಮಾಸ್ತರ, ಲೇಖಕರ ಮನೆಗಳಿಗೂ ಹೋಯಿತು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗವಿದ್ದರೂ ಅದು ಎಲ್ಲ ತಂತ್ರಾಂಶಗಳಲ್ಲೂ ಸರಿಯಾಗಿ ಮೂಡಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಜನ ಏನು ಮಾಡಬೇಕಿತ್ತು? ಇದ್ದದ್ದರಲ್ಲಿ ಬರೆದರು. ಕಾದಂಬರಿ ಬರೆದರು, ಪಿಎಚ್‌.ಡಿ. ಪ್ರಬಂಧ ಬರೆದರು, ಸ್ಮರಣ ಸಂಚಿಕೆ ಸಿದ್ಧಪಡಿಸಿದರು, ಊರಿನ ದೇವಸ್ಥಾನದ ಇತಿಹಾಸ ಬರೆದರು, ಅಮ್ಮ ಹೇಳುತ್ತಿದ್ದ ಹಾಡುಗಳನ್ನು ಕೂತು ಟೈಪಿಸಿದರು.

ಆ ಫೈಲುಗಳ ಒಳಗೆ ಕನ್ನಡ ಅಕ್ಷರಗಳೇ ಇಲ್ಲ. ಇರುವುದು ಯೂರೋಪಿನ ಲಿಪಿಗೆ ಮೀಸಲಾದ ಸಂಕೇತಗಳು. ಆ ಸಂಕೇತಗಳ ಮೇಲೆ ಕನ್ನಡದ ಆಕಾರ ಬಿಡಿಸಿದ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ ಕಾಣುತ್ತದೆ. ಫಾಂಟ್ ಇರುವುದು ಸಿ ಡ್ರೈವ್‌ನಲ್ಲಿ, ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ. ಅಂಗಡಿಯಲ್ಲಿ ಸಿ ಅಳಿಸಿ ಹೊಸ ವಿಂಡೋಸ್ ಹಾಕಿದರು ಎನ್ನಿ. ಡಿಯಲ್ಲಿದ್ದ ಫೈಲು ಒಂದಕ್ಷರವೂ ಬದಲಾಗದೆ ಉಳಿದಿದೆ ಎಂದೇ ಇಟ್ಟುಕೊಳ್ಳಿ. ತೆರೆದರೆ ಪುಟದ ತುಂಬ ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೋಜಲು. ಮನೆಯ ಮಕ್ಕಳು ನೋಡಿ ‘ಕರಪ್ಟ್ ಆಗಿದೆ’ ಎನ್ನುತ್ತಾರೆ. ಯಾರೋ ‘ವೈರಸ್’ ಎನ್ನುತ್ತಾರೆ. ಜಾಗ ಖಾಲಿ ಮಾಡುವ ನೆವದಲ್ಲಿ ಇನ್ಯಾರೋ ಅಳಿಸುತ್ತಾರೆ. ಬರೆದವರು ಈಗಿಲ್ಲದಿದ್ದರಂತೂ ಆ ಗೋಜಲಿನ ಹಿಂದೆ ಏನಿತ್ತೆಂದು ಕೇಳುವವರೂ ಇರುವುದಿಲ್ಲ. ಅಪ್ಪನೋ ಅಜ್ಜಿಯೋ ಮುಪ್ಪಿನಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತಿ ಬರೆದದ್ದು ಕಸವೆಂದು ಹೊರಗೆ ಹೋಗುತ್ತದೆ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಯಾವ ವಿಪತ್ತೂ ಇಲ್ಲದೆ, ಒಂದು ಫಾಂಟ್ ಕಾಪಿ ಮಾಡಿಕೊಳ್ಳದಿದ್ದ ಕಾರಣಕ್ಕೆ ಆಗುವ ನಷ್ಟ ಇದು.

ಇದಕ್ಕೆ ಮದ್ದೂ ಇದೆ, ಖರ್ಚೂ ಇಲ್ಲ. ಆದರೆ ಅದು ಅಪ್‌ಗ್ರೇಡ್‌ಗೆ ಮೊದಲೇ ಆಗಬೇಕು. ಫಾಂಟ್ಸ್ ಫೋಲ್ಡರ್‌ನಿಂದ ಕನ್ನಡದ ಫಾಂಟ್‌ಗಳನ್ನೆಲ್ಲ ಎತ್ತಿ ಪ್ರತ್ಯೇಕ ಡಿಸ್ಕ್‌ಗೆ ಹಾಕಿಕೊಳ್ಳಬೇಕು. ಯಾವ ಫೈಲು ಯಾವ ಫಾಂಟ್‌ನಲ್ಲಿದೆ ಎಂದು ನೋಡಿ ಬರೆದಿಟ್ಟುಕೊಳ್ಳಬೇಕು. ಮುಖ್ಯವಾದವನ್ನು ಈಗಲೇ ಯೂನಿಕೋಡ್‌ಗೆ ಬದಲಿಸಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ್ದನ್ನು ಕಣ್ಮುಚ್ಚಿ ನಂಬಬಾರದು. ಅರ್ಕಾವತ್ತಿನಲ್ಲಿ, ಒತ್ತಕ್ಷರದ ಜೋಡಣೆಯಲ್ಲಿ ತಪ್ಪು ನುಸುಳುತ್ತದೆ, ಮೂಲದ ಪಕ್ಕದಲ್ಲಿಟ್ಟು ಓದಿ ತಿದ್ದಬೇಕು. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ್ದರೆ ಕೆಲಸ ಇನ್ನೂ ಜರೂರು. ಅದರ ಕೊನೆಯ ದೊಡ್ಡ ಆವೃತ್ತಿ 2001ರದ್ದು, ಈಗಿನ ಇನ್‌ಡಿಸೈನ್ ಆ ಫೈಲುಗಳನ್ನು ತೆರೆಯುವುದೇ ಇಲ್ಲ. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಒಂದೊಂದನ್ನೂ ಪಿಡಿಎಫ್ ಮಾಡಿಕೊಳ್ಳಬೇಕು. ಯೂನಿಕೋಡ್‌ನಲ್ಲಿ ಬರೆದವರೂ ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಎಕ್ಸ್‌ಪಿಯಿಂದ ವಿಂಡೋಸ್‌ನೊಂದಿಗೇ ಬರುತ್ತಿದ್ದ ತುಂಗಾ ಫಾಂಟ್ ವಿಂಡೋಸ್ 10ರಿಂದ ಐಚ್ಛಿಕವಾಯಿತು, ಕೇಳಿ ಹಾಕಿಸಿಕೊಂಡರಷ್ಟೇ ಬರುತ್ತದೆ. ಅದು ಇಲ್ಲದ ಯಂತ್ರದಲ್ಲಿ ಕನ್ನಡವೇನೋ ಬೇರೆ ಫಾಂಟ್‌ನಲ್ಲಿ ಕಾಣುತ್ತದೆ, ಸಾಲು ಪುಟಗಳ ಲೆಕ್ಕ ತಪ್ಪುತ್ತದೆ.

ಇಷ್ಟನ್ನು ಅಮೆರಿಕದ ರೆಡ್‌ಮಂಡ್‌ನಲ್ಲಿ ಕೂತ ಕಂಪನಿ ಮಾಡಿಕೊಡುತ್ತದೆಯೆ? ‘ಕಂಪನಿ ನೋಡಿಕೊಳ್ಳುತ್ತದೆ’ ಎನ್ನುವವರು 2018ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ತಿಳಿದಿರಬೇಕು. ಆ ತಿಂಗಳ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಹೊಸ ಆವೃತ್ತಿಯೊಂದನ್ನು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು, ಏಕೆಂದರೆ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗಿತ್ತು. ಕಾರಣ ಕೇಳಿದರೆ ಡಿ ಡ್ರೈವ್ ಭಕ್ತರು ಬೆಚ್ಚಬೇಕು. ಡಾಕ್ಯುಮೆಂಟ್ಸ್‌ನಂಥ ಫೋಲ್ಡರನ್ನು ಬೇರೆ ಡ್ರೈವ್‌ಗೆ ತಿರುಗಿಸಿ, ಹಳೆಯ ಜಾಗದಲ್ಲೂ ಒಂದಿಷ್ಟು ಫೈಲು ಬಿಟ್ಟಿದ್ದವರು ಈ ಏಟು ತಿಂದರು. ಹಳೆಯ ಫೋಲ್ಡರ್ ಇನ್ನು ಬೇಡದ್ದು ಎಂದು ಭಾವಿಸಿದ ಅಪ್‌ಡೇಟ್ ಅದನ್ನು ಒಳಗಿದ್ದದ್ದರ ಸಮೇತ ತೆಗೆದುಹಾಕಿತು. ಬಿಡುಗಡೆಗೆ ಮುಂಚೆ ಪರೀಕ್ಷಿಸಿದವರಲ್ಲಿ ಕೆಲವರು ಈ ದೋಷವನ್ನು ವರದಿ ಮಾಡಿದ್ದರು. ಅದು ಗಮನಕ್ಕೆ ಬರಲಿಲ್ಲ. ತಿದ್ದಿದ ಆವೃತ್ತಿ ಮತ್ತೆ ಹೊರಬಂದದ್ದು ನವೆಂಬರ್ 13ರಂದು. ತೊಂದರೆಗೊಳಗಾದವರ ಪ್ರಮಾಣ ತೀರಾ ಸಣ್ಣದು ಎಂದು ಕಂಪನಿ ಹೇಳಿತು. ಅದು ನಿಜವೇ. ಕೋಟ್ಯಂತರ ಯಂತ್ರಗಳನ್ನು ನೋಡಿಕೊಳ್ಳುವ ಕಂಪನಿಗೆ ಆ ಲೆಕ್ಕ ಸಾಕು. ನಿಮ್ಮ ಮನೆಯಲ್ಲಿರುವುದು ಒಂದೇ ಯಂತ್ರ.

‘ಬಹುಪಾಲು ಜನಕ್ಕೆ ಏನೂ ಆಗುವುದಿಲ್ಲವಲ್ಲ’ ಎಂಬ ವಾದಕ್ಕೂ ನನ್ನ ಉತ್ತರ ಇದೇ. ಹೌದು, ಆಗುವುದಿಲ್ಲ. ವಿಂಡೋಸ್ 10ರ ಒಳಗಿನಿಂದಲೇ 11ಕ್ಕೆ ಏರಿದರೆ ಹೆಚ್ಚಿನ ಸಲ ಫೈಲು, ಪ್ರೋಗ್ರಾಂ ಎರಡೂ ಉಳಿದುಕೊಳ್ಳುತ್ತವೆ. ಆದರೆ ಹೆಚ್ಚಿನ ಸಲ ಸರಿಹೋಗುತ್ತದೆ ಎಂಬುದು, ಹೋದರೆ ಮರಳಿ ಬಾರದ ವಸ್ತುವಿನ ವಿಷಯದಲ್ಲಿ ಸಮಾಧಾನವಾಗಲಾರದು. ಸಿನಿಮಾ ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ತೀರಿಹೋದವರ ದನಿ ಇರುವ ವಿಡಿಯೊವನ್ನು ಎಲ್ಲಿಂದ ಇಳಿಸಿಕೊಳ್ಳುವುದು?

ಹಿಂದಿರುಗುವ ದಾರಿ ಇದೆಯಲ್ಲ ಎನ್ನುತ್ತಾರೆ. ಇದೆ, 10 ದಿನಗಳ ಮಟ್ಟಿಗೆ. ಮೊದಲು ಒಂದು ತಿಂಗಳಿತ್ತು, 2016ರಲ್ಲಿ ಅದನ್ನು 10 ದಿನಕ್ಕೆ ಇಳಿಸಿದರು. ಹಳೆಯ ವಿಂಡೋಸನ್ನು ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಜಾಗ ತಿನ್ನುತ್ತಿದೆ ಎಂದು ಮರುದಿನವೇ ಡಿಸ್ಕ್ ಕ್ಲೀನಪ್ ಓಡಿಸಿ ಅದನ್ನು ಅಳಿಸುವವರಿದ್ದಾರೆ. ಅಲ್ಲಿಗೆ ದಾರಿ ಮುಚ್ಚಿತು. ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಗುವುದು ಮುಂದಿನ ತಿಂಗಳು ಮಗಳ ಪ್ರಾಜೆಕ್ಟ್ ಮುದ್ರಿಸಲು ಹೋದಾಗ. ಭಾಗಗಳನ್ನೇ ಅಳಿಸಿ ಹೊಸದಾಗಿ ಹಾಕಿದ್ದರೆ ಈ 10 ದಿನಗಳೂ ಇಲ್ಲ.

ಇನ್ನು ಬಿಟ್‌ಲಾಕರ್. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುವುದು ಮಾಲೀಕರಿಗೇ ಗೊತ್ತಿಲ್ಲ. ಸೆಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂದು ಹುಡುಕಿದರೆ ಕಾಣುತ್ತದೆ. ಬೀಗ ತೆರೆಯುವ ಗುಟ್ಟು ಟಿಪಿಎಂ ಚಿಪ್‌ನಲ್ಲಿರುವುದರಿಂದ ದಿನನಿತ್ಯ ಏನೂ ಕೇಳುವುದಿಲ್ಲ. ಅಪ್‌ಗ್ರೇಡ್‌ಗೆಂದು ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಬದಲಿಸಿದಾಗ, ಫರ್ಮ್‌ವೇರ್ ಹೊಸದು ಹಾಕಿದಾಗ, ಟಿಪಿಎಂ ಒರೆಸಿದಾಗ ಯಂತ್ರಕ್ಕೆ ಅನುಮಾನ ಬಂದು ನೀಲಿ ಪರದೆಯ ಮೇಲೆ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಇರುವುದು ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಮೊದಲು ತೆರೆದಿದ್ದರೋ ಅದರಲ್ಲಿ. ಹೋಮ್ ಆವೃತ್ತಿಯ ವಿಂಡೋಸ್ 11 ಸೆಟಪ್ ಮಾಡುವಾಗಲೇ ಇಂಥ ಖಾತೆ ಕೇಳುತ್ತದೆ. ಮನೆಯವರು ಎದುರಿಗಿಲ್ಲದಿದ್ದರೆ ಅಂಗಡಿಯಲ್ಲಿ ಏನೋ ಒಂದು ಹೆಸರಿನಲ್ಲಿ ಖಾತೆ ತೆರೆದು ಮುಂದೆ ಹೋಗುತ್ತಾರೆ, ಆಮೇಲೆ ಅದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. 2024ರಲ್ಲಿ ಬಂದ ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿದ ವಿಂಡೋಸ್ 11 ಇಂಥ ಖಾತೆಯಿಂದ ತೆರೆದಾಗ ಈ ಬೀಗವನ್ನು ಹೆಚ್ಚು ಹೆಚ್ಚು ಯಂತ್ರಗಳಲ್ಲಿ ತಾನಾಗಿಯೇ ಹಾಕಿಕೊಳ್ಳುತ್ತಿದೆ. ಕೀಲಿ ಸಿಗದಿದ್ದರೆ ಡೇಟಾ ಅಲ್ಲೇ ಇದ್ದೂ ಇಲ್ಲವಾಗುತ್ತದೆ. ಮೈಕ್ರೋಸಾಫ್ಟ್‌ಗೆ ಬರೆದರೂ ತೆರೆದುಕೊಡಲಾರರು. ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡುವುದು ಎಷ್ಟು ಹೊತ್ತಿನ ಕೆಲಸ? ಅಷ್ಟನ್ನು ಮಾಡಬೇಕೆಂದು ಯಾರೂ ಹೇಳಿಕೊಡುತ್ತಿಲ್ಲ, ಸಿದ್ಧತೆಯೇ ಬೇಡ ಎಂದು ಎಲ್ಲರೂ ನಂಬಿರುವುದರಿಂದ.

ಅಂಗಡಿಯ ಹುಡುಗರನ್ನು ನಾನು ದೂರುತ್ತಿಲ್ಲ. ಅವರ ಮುಂದೆ ಸಾಲಾಗಿ ಯಂತ್ರಗಳು ಕೂತಿರುತ್ತವೆ. ಇದ್ದದ್ದನ್ನು ಉಳಿಸಿಕೊಂಡು ಮೇಲೇರಿಸುವ ಅಪ್‌ಗ್ರೇಡ್ ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಹೇಳಲಾಗದು. ಅಳಿಸಿ ಹಾಕುವುದಾದರೆ ಒಂದು ತಾಸಿನಲ್ಲಿ ಮುಗಿಯುತ್ತದೆ, ಫಲಿತಾಂಶವೂ ಖಚಿತ. ಅವರು ಎರಡನೆಯದನ್ನು ಆರಿಸುತ್ತಾರೆ, ಅವರ ಜಾಗದಲ್ಲಿದ್ದರೆ ಯಾರೇ ಆದರೂ ಅದನ್ನೇ ಆರಿಸಿಯಾರು. “ಡೇಟಾ ಬೇಕಾ ಸಾರ್?” ಎಂದು ಒಂದು ಮಾತು ಕೇಳುತ್ತಾರೆ. “ಡಿಯಲ್ಲಿ ಇರೋದು ಬೇಕಪ್ಪ” ಎಂದು ನಾವು ಹೇಳುತ್ತೇವೆ. ಈ ಎರಡು ಸಾಲಿನ ಸಂಭಾಷಣೆಗೆ ಒಂದು ಮನೆಯ ಇಪ್ಪತ್ತು ವರ್ಷದ ದಾಖಲೆಯನ್ನು ಒಪ್ಪಿಸುವುದು ನಮ್ಮ ತಪ್ಪು, ಅವರದ್ದಲ್ಲ.

ಕ್ಲೌಡ್‌ನಲ್ಲಿ ಎಲ್ಲ ಇದೆ ಎನ್ನುವವರಿಗೂ ಒಂದು ಮಾತು. ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ. ಅದು ತುಂಬಿದೊಡನೆ ಹೊಸ ಫೈಲು ಮೇಲೆ ಹೋಗುವುದು ನಿಲ್ಲುತ್ತದೆ. ಮೂಲೆಯಲ್ಲಿ ಬರುವ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಇನ್ನೂ ಮುಖ್ಯವಾದ ವಿಷಯ, ಇದು ಸಿಂಕ್. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸುತ್ತದೆ, 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಗುತ್ತದೆ. ಅದೂ ಅಲ್ಲದೆ ಫೈಲಿನ ಪಕ್ಕ ಮೋಡದ ಗುರುತಿದ್ದರೆ ಆ ಫೈಲು ನಿಮ್ಮ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ಹಳೆಯ ಖಾತೆಯ ಪಾಸ್‌ವರ್ಡ್ ಮರೆತು ಹೊಸ ಖಾತೆಯಿಂದ ವಿಂಡೋಸ್ 11 ತೆರೆದವರಿಗೆ ಆ ಹೆಸರೂ ಕಾಣುವುದಿಲ್ಲ.

ಬ್ಯಾಕಪ್ ಎಂದರೆ ಯಂತ್ರದಿಂದ ಬೇರೆಯಾದ ಡಿಸ್ಕ್‌ನಲ್ಲಿರುವ, ಕೇಬಲ್ ಕಿತ್ತು ಪಕ್ಕಕ್ಕಿಟ್ಟ, ತೆರೆದು ನೋಡಿ ಖಾತ್ರಿ ಮಾಡಿಕೊಂಡ ಪ್ರತಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದರು. ಮನೆಗಳ ಮಟ್ಟಿಗೆ ಮೂರು ಪ್ರತಿ ದುಬಾರಿ ಎನಿಸಿದರೆ ಹೊರಗಿನ ಒಂದು ಹಾರ್ಡ್ ಡಿಸ್ಕ್‌ನಿಂದಾದರೂ ಆರಂಭಿಸಿ. ತೆರೆದು ನೋಡುವ ಭಾಗವನ್ನು ಮಾತ್ರ ಬಿಡಬೇಡಿ. ತಂತ್ರಜ್ಞರ ಕಂಪನಿಯೇ ಆದ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ತಪ್ಪು ಸರ್ವರ್‌ನ ಡೇಟಾಬೇಸ್ ಅಳಿಸಿದರು. ಬ್ಯಾಕಪ್‌ಗೆಂದು ಐದು ಬಗೆಯ ಏರ್ಪಾಡಿತ್ತು; ನೆಚ್ಚಿಕೊಳ್ಳುವಂಥದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ಆಕಸ್ಮಿಕವಾಗಿ ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಪರೀಕ್ಷಿಸದ ಬ್ಯಾಕಪ್‌ಗೆ ಅವರಲ್ಲೇ ಆ ಗತಿಯಾದರೆ, ಐದು ವರ್ಷದ ಹಿಂದೆ ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿಟ್ಟ ನಮ್ಮ ಮದುವೆ ಆಲ್ಬಮ್‌ನ ಬಗ್ಗೆ ನಾವು ಅಷ್ಟು ಧೈರ್ಯವಾಗಿರುವುದು ಹೇಗೆ? ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿ, ಒಂದು ಫೋಟೊ, ಒಂದು ವಿಡಿಯೊ, ಒಂದು ನುಡಿ ಫೈಲು ತೆರೆದು ಕೊನೆಯವರೆಗೆ ನೋಡಿ.

ಕರೆಂಟಿನ ವಿಷಯ ನಮ್ಮ ಊರುಗಳಲ್ಲಿ ಹೇಳದೆ ಇರಲಾಗದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಳೆಗಾಲದ ಸಂಜೆ ಅಪ್‌ಗ್ರೇಡ್ ಶುರು ಮಾಡುವುದು ಬೇಡ. ವಿಂಡೋಸ್ ನಡುವೆ ನಿಂತರೆ ಹೆಚ್ಚಿನ ಸಲ ಹಿಂದಕ್ಕೆ ಸರಿದುಕೊಳ್ಳುತ್ತದೆ. ಬಯೋಸ್ ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಮದರ್‌ಬೋರ್ಡ್ ಮತ್ತೆ ಏಳದೆಯೂ ಇರಬಹುದು.

ಇಷ್ಟೆಲ್ಲ ತಾಪತ್ರಯ ಏಕೆ, ಹಳೆಯದನ್ನು ಬಿಸಾಡಿ ಹೊಸದು ಕೊಂಡರಾಯಿತು ಎಂಬ ಸಲಹೆಯೂ ಧಾರಾಳವಾಗಿ ಸಿಗುತ್ತಿದೆ. ಅಪ್‌ಗ್ರೇಡೇ ಬೇಡ, ಇದ್ದಂತೆ ಇರಲಿ ಎಂಬುದೂ ಇದೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ 2017ರ ಮೇ 12ರಂದು ಜಗತ್ತಿನ ತುಂಬ ಹರಡಿದಾಗ ಅದನ್ನು ತಡೆಯುವ ತೇಪೆ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಳ್ಳದವರು ಬಲಿಯಾದರು. ತೇಪೆ ಬರುವುದೇ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು. ಮೊದಲನೆಯ ಸಲಹೆಯಲ್ಲಿ ಸಿದ್ಧತೆಯಿಂದ ಬಿಡುಗಡೆ ಇಲ್ಲ. ಹೊಸ ಯಂತ್ರಕ್ಕೆ ಹಳೆಯದರಿಂದ ಏನು ಹೋಗಬೇಕು ಎಂಬ ಪ್ರಶ್ನೆ ಹಾಗೇ ಕೂತಿರುತ್ತದೆ, ಹಳೆಯದನ್ನು ಗುಜರಿಗೆ ಹಾಕುವವನಿಗೆ ಅದನ್ನು ಕೇಳಿಕೊಳ್ಳಲು ಎರಡನೇ ಅವಕಾಶವೂ ಇರುವುದಿಲ್ಲ. ಷರತ್ತು ಪೂರೈಸದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಗಳಿಗೆ ಮುಂದೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅದಕ್ಕಿಂತ ಲಿನಕ್ಸ್ ಮಿಂಟ್‌ನಂಥದ್ದನ್ನು ಹಾಕಿಕೊಳ್ಳುವುದು ಮೇಲು. ಕನ್ನಡ ಟೈಪಿಸಲು ಅದರಲ್ಲಿ ಅಡ್ಡಿಯಿಲ್ಲ. ಅಲ್ಲಿಗೆ ಹೋಗುವುದಕ್ಕೂ ಬ್ಯಾಕಪ್ ಬೇಕೇ ಬೇಕು.

ಅವಸರ ಪಡಿಸುವವರಿಗೆ ಹೇಳಲು ಇನ್ನೊಂದು ಮಾತಿದೆ. ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ತೇಪೆ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. 30 ಡಾಲರ್ ಕೊಡಬಹುದು, ಇಲ್ಲವೆ ಸೆಟಿಂಗ್‌ಗಳನ್ನು ತಮ್ಮ ಖಾತೆಗೆ ಸಿಂಕ್ ಮಾಡಿ ದುಡ್ಡಿಲ್ಲದೆ ಸೇರಬಹುದು. ಸೆಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಕೊಂಡಿ ಇರುತ್ತದೆ. ಸಿದ್ಧತೆ ಮುಗಿಯುವವರೆಗೆ ಗುಂಡಿ ಒತ್ತದೆ ಕಾಯಲು ಇದು ನ್ಯಾಯವಾದ ದಾರಿ. ಈ ವಾರ ನೋಂದಾಯಿಸಿ. ಬರುವ ಭಾನುವಾರ ಸಿ ಮತ್ತು ಡಿ ಎರಡನ್ನೂ ತೆರೆದು, ಫೈಲು ಬರೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಯಾವುದು ಉಳಿಯಬೇಕು ಎಂದು ಕೇಳಿ ಪಟ್ಟಿ ಮಾಡಿ. ಹೊರಗಿನ ಡಿಸ್ಕ್ ಕೊಳ್ಳುವುದು ಆಮೇಲೆ. ಎಷ್ಟು ದೊಡ್ಡದು ಬೇಕೆಂದು ಆ ಪಟ್ಟಿಯೇ ಹೇಳುತ್ತದೆ.